ಬೇಟೆ ಶಿಬಿರಕ್ಕೆ ಜಾಗ

"ಮುಟ್ಟಬ್ಯಾಡ ಕಣಲೇ ನಕ್ಷೇನ! ಸಗಣಿ ಕೈ ಬೋಳಿಮಗನೆ, ದೂರ ನಿಂತ್ಕಂಡು ಬಾಯಲ್ಲಿ ಹೇಳು."

ಮೇಸ್ತ್ರಿ ಸಿಯಾಚಿಲೊ ಹಾಗೆ ಬೈದದ್ದು ನನ್ನ ಗಂಡ ಮುಲೇಯನನ್ನು. ಮುಲೇಯ ಕೈ ಹಿಂದಕ್ಕೆ ಕಟ್ಟಿಕೊಂಡ. ಜಗಲಿಯ ಕೆಳಗೆ ನಾನು ಬೇಟೆ ಕಂಪನಿಯ ಪಾತ್ರೆ ತಿಕ್ಕುತ್ತಿದ್ದೆ.

ಮಾಲೀಕ ಹಾರ್ಮನ್ ಆ ಕಾಡನ್ನು ಹೊಸದಾಗಿ ಹರಾಜಿನಲ್ಲಿ ಹಿಡಿದಿದ್ದ. ಮಳೆ ನಿಂತ ಮೇಲೆ ಕಡಲಾಚೆಯಿಂದ ಒಬ್ಬ ಸಾಹುಕಾರ ಕಾಡೆಮ್ಮೆ, ಚಿರತೆ ಹೊಡೆಯಲು ಬರುವವನಿದ್ದ. ಬರುವವನಿಗೂ ಆ ಕಾಡು ಗೊತ್ತಿಲ್ಲ, ಕರೆತರುವವನಿಗೂ ಗೊತ್ತಿಲ್ಲ. ಗೊತ್ತಿದ್ದವರು ನಾವು, ಅಲ್ಲೇ ಹುಟ್ಟಿ ಬೆಳೆದ ಟೋಂಗಾ ಜನ. ಇನ್ನು ಇದು ಬೇಟೆಕಾಡು ಅಂತ ಹೇಳಿ ಒಂಬತ್ತು ವರ್ಷದ ಹಿಂದೆ ನಮ್ಮನ್ನು ಲಾರಿಗೆ ತುಂಬಿ ಈ ಕಲ್ಲುನೆಲದಲ್ಲಿ ಸುರಿದಿದ್ದರು. ಆಮೇಲೆ ಒಳಗೆ ಕಾಲಿಟ್ಟವರೆಲ್ಲ ಕಳ್ಳರು. ನಾನು ಎರಡು ಸಲ ಹೋಗಿ, ಎರಡು ಸಲವೂ ಅರ್ಧ ದಾರಿಯಲ್ಲೇ ಕಾವಲುಗಾರರಿಂದ ಒದೆ ತಿಂದು ಬಂದವಳು.

"ಬೇಸಿಗೇಲಿ ನೀರು ಎಲ್ಲಿರುತ್ತೆ?" ಹಾರ್ಮನ್ ಕೇಳಿದ.

ಮುಲೇಯ ಮೂರು ಊಟೆ ಹೇಳಿದ. ನಾಲ್ಕನೆಯದನ್ನು ನುಂಗಿಕೊಂಡ.

"ಇಲ್ಲೊಂದು ಹಸಿರು ಕಾಣುತ್ತಲ್ಲ, ಇದೇನು?"

ಮುಲೇಯ ನಕ್ಷೆಯಿಂದ ಮುಖ ತಿರುಗಿಸಿದ. ಮೇಸ್ತ್ರಿ ಬೂಟಿನಿಂದ ಅವನ ಮೊಣಕಾಲಿಗೆ ತಿವಿದ. "ಕೇಳ್ತಾವ್ರಲ್ಲ, ಬೊಗಳೋ."

"ಹಳೇ ಊರು, ಧಣಿ. ದೊಡ್ಡ ಹುಣಸೆಮರ ಐತೆ. ಪಕ್ಕದಾಗೇ ಊಟೆ."

"ನೆರಳು, ನೀರು, ಸಮನೆಲ!" ಹಾರ್ಮನ್ ಪೆನ್ಸಿಲಿನಿಂದ ಸುತ್ತು ಹಾಕಿದ. "ಶಿಬಿರ ಇಲ್ಲೇ."

ನಾನು ಬೂದಿಗೈಯಲ್ಲೇ ಎದ್ದು ನಿಂತೆ. "ಜಾಗ ನೋಡಾಕೆ ಹೋಗ್ತೀರಲ್ಲ ಧಣಿ, ನನ್ನೂ ಕರ್ಕಂಡೋಗಿ. ಅಡುಗೆ ಮಾಡಿ ಹಾಕ್ತೀನಿ."

"ಇವಳಿಗೇನು ಅಲ್ಲಿ ಕೆಲಸ?" ಹಾರ್ಮನ್ ಮುಲೇಯನನ್ನು ಕೇಳಿದ.

"ನಮ್ ಮಗಳು ಅಲ್ಲೇ ಅವ್ಳೆ," ಅಂದ ಮುಲೇಯ. "ಮಣ್ಣಾಗೆ."

ಹಾರ್ಮನ್ ಒಂದು ಗಳಿಗೆ ನನ್ನನ್ನು ನೋಡಿದ. ಕೆಟ್ಟವನಂತೆ ಕಾಣಲಿಲ್ಲ. "ಬರಲಿ. ಅಳೋದು ಗಿಳೋದು ಬೇಡ."

ಮೂರನೆಯ ದಿನ ಹೊರಟೆವು. ಜೀಪಿನ ಹಿಂದೆ ಗುಡಾರದ ಗೂಟಗಳ ಮೇಲೆ ಕೂತು ಅರ್ಧ ದಿನದ ದಾರಿ. ಮರ ಹಾಗೇ ಇತ್ತು. ಅದರ ಬುಡದಲ್ಲಿ ದಡಾರ ಬಂದ ವರ್ಷ ಐದು ಮಕ್ಕಳನ್ನು ಮಣ್ಣು ಮಾಡಿದ್ದೆವು. ನನ್ನ ಲ್ವೇಂಡೊ ಅವರಲ್ಲಿ ಒಬ್ಬಳು. ನಾಲ್ಕು ವರ್ಷದವಳು. ಇಟ್ಟ ಕಲ್ಲುಗಳನ್ನು ಆನೆಗಳು ತುಳಿದು ಚೆಲ್ಲಿದ್ದವು. ದಿಬ್ಬ ಒಂದೂ ಉಳಿದಿರಲಿಲ್ಲ.

"ಇಲ್ಲೇ ಕಣೇ, ಬೇರಿನ ಪಕ್ಕ," ಅಂದ ಮುಲೇಯ.

"ಅಲ್ಲ, ಹುತ್ತದ ಕಡೀಕೆ. ಅವಳ ತಲೆ ಇಟ್ಟೋಳು ನಾನಲ್ವಾ?"

"ಆಗ ಹುತ್ತ ಇರ್ನಿಲ್ಲ, ಲ್ವೇಂಡೊ ಅವ್ವಾ."

ಇಬ್ಬರೂ ಮಂಡಿಯೂರಿ ನೆಲ ತಡವಿದೆವು. ಒಂಬತ್ತು ವರ್ಷ ಕಣ್ಣು ಮುಚ್ಚಿದಾಗಲೆಲ್ಲ ಕಂಡ ಜಾಗ, ಕಣ್ಣು ತೆರೆದರೆ ಇರಲಿಲ್ಲ.

ಹಾರ್ಮನ್ ಹೆಜ್ಜೆ ಅಳೆಯುತ್ತಿದ್ದ. ಗುಡಾರ ಅಲ್ಲಿ, ಸ್ನಾನದ ಮನೆ ಇಲ್ಲಿ. ಚರ್ಮ ಸುಲಿಯಲು ಮರದ ನೆರಳು. ಅವನು ತೋರಿಸಿದ ಕಡೆಯೆಲ್ಲ ಮೇಸ್ತ್ರಿ ಗೂಟ ಹೊಡೆಯುತ್ತ ಬಂದ. ಕೊನೆಗೆ ಮುಲೇಯನ ಮುಂದೆ ಗುದ್ದಲಿ ಎಸೆದ.

"ಪಾಯಖಾನೆಗೆ ಗುಂಡಿ. ಅಗಿ."

ಮುಲೇಯ ಗುದ್ದಲಿ ಮುಟ್ಟಲಿಲ್ಲ. ಮೇಸ್ತ್ರಿಯೇ ಎತ್ತಿಕೊಂಡ. ನಾನು ಹೋಗಿ ಅವನ ಮುಂದೆ ನೆಲಕ್ಕೆ ಮಲಗಿದೆ.

"ಏಳೇ ಮುಂಡೆ!"

ಹಾರ್ಮನ್ ಬಂದು ಬಗ್ಗಿದ. "ನಿನ್ನ ಮಗು ಇಲ್ಲೇ ಇದೆಯಾ?"

"ಗೊತ್ತಿಲ್ಲ, ಧಣಿ."

"ಮತ್ತೆ ಯಾಕೆ ಅಡ್ಡ ಮಲಗ್ತೀಯ?"

"ಗೊತ್ತಿಲ್ಲ, ಅದ್ಕೇ. ನೀವು ಎಲ್ಲಿ ಅಗುದ್ರೂ ಅವಳೇ ಸಿಗಬೋದು."

ಅವನು ಟೋಪಿ ತೆಗೆದು ಹಣೆ ಒರೆಸಿಕೊಂಡ. ಮತ್ತೆ ಟೋಪಿ ಹಾಕಿಕೊಂಡು, "ಬೆಳಗ್ಗೆ ಕಾವಲುಗಾರರನ್ನ ಕರಕೊಂಡು ಬರ್ತೀನಿ. ಮುಲೇಯ, ಬರೋದಾದ್ರೆ ಜೀಪು ಹತ್ತು," ಅಂದ.

ಮುಲೇಯ ಹತ್ತಲಿಲ್ಲ. ಮೇಸ್ತ್ರಿಯನ್ನು ಕೂರಿಸಿಕೊಂಡು ಜೀಪು ಹೊರಟ ಧೂಳು ಇನ್ನೂ ಇಳಿದಿರಲಿಲ್ಲ, ಅವನು ಮೊದಲನೆಯ ಗೂಟ ಕಿತ್ತ. ಆಮೇಲೆ ಇನ್ನೊಂದು. ಕಿತ್ತ ಕಡೆಯೆಲ್ಲ ಉಳಿದ ತೂತಿಗೆ ನಾನು ಮಣ್ಣು ತುಂಬಿ, ಮಗುವನ್ನು ಮಲಗಿಸುವವಳ ಹಾಗೆ ಅಂಗೈಯಿಂದ ತಟ್ಟುತ್ತ ಹೋದೆ. ಯಾವುದರ ಕೆಳಗೆ ಅವಳಿದ್ದಾಳೋ.