ಸದ್ದಿಲ್ಲದ ಮನೆ

ಚಿದ್ರಿಯ ಆ ಓಣಿಯಲ್ಲಿ ಬೆಳಗಿನ ಹೊತ್ತು ಕೇಶರಬಾಯಿಯ ಮನೆಯ ಮುಂದೆ ನಿಂತರೆ ಊರಿನ ತಾಯಂದಿರ ಅವಸರವೆಲ್ಲ ಒಂದೇ ಕಡೆ ಕಾಣುತ್ತಿತ್ತು. ಒಬ್ಬಳು ಸ್ಕೂಟಿಯನ್ನು ಬಂದ್ ಮಾಡದೆಯೇ ಕೂಸನ್ನು ಇಳಿಸುವಳು. ಇನ್ನೊಬ್ಬಳು ಆಟೊದವನಿಗೆ ನಿಲ್ಲೆಂದು ಕೈಮಾಡುತ್ತಲೇ ಮಗುವಿನ ಮೂಗು ಒರೆಸುವಳು. ಬಟ್ಟೆ ಅಂಗಡಿಯಲ್ಲಿ ಸೀರೆ ತೋರಿಸುವ ಕೆಲಸದ ಖೈರುನ್ನಿಸಾ ಎಲ್ಲರಿಗಿಂತ ಮೊದಲು ಬಂದು, ಒಂದೂವರೆ ವರ್ಷದ ಅಕ್ಸಾಳನ್ನು ಕೇಶರಬಾಯಿಯ ತೊಡೆಯ ಮೇಲೆ ಕೂರಿಸಿ, ಹಿಂದಿರುಗಿ ನೋಡದೆ ಹೊರಟುಬಿಡುತ್ತಿದ್ದಳು. ನೋಡಿದರೆ ಮಗು ಅಳುತ್ತದೆ, ಮಗು ಅತ್ತರೆ ಅವಳಿಗೆ ಕಾಲು ಏಳುವುದಿಲ್ಲ.

"ಹೋಗವ್ವಾ, ಫಿಕರ್ ಮಾಡಬ್ಯಾಡ," ಎನ್ನುತ್ತಿದ್ದಳು ಕೇಶರಬಾಯಿ. "ನಮ್ಮ ಮನ್ಯಾಗ ಕೂಸಿನ ಸಪ್ಪಳ ಕೇಳಿದವರು ಯಾರರೆ ಅದಾರೇನು?"

ಯಾರೂ ಇರಲಿಲ್ಲ. ಅದೇ ಆಕೆಯ ಹೆಮ್ಮೆ. ಏಳೆಂಟು ಮಕ್ಕಳಿರುವ ಮನೆ ಮಧ್ಯಾಹ್ನವಾಯಿತೆಂದರೆ ಬೀಗ ಹಾಕಿದ ಮನೆಯಷ್ಟು ಸುಮ್ಮನಿರುತ್ತಿತ್ತು. ಓಣಿಯವರು ಇದನ್ನು ಆಕೆಯ ಕೈಗುಣ ಎಂದರು. ಗದ್ದಲ ಮಾಡದ ಮಗು ಒಳ್ಳೆಯ ಮಗು ಎಂದು ನಮ್ಮಲ್ಲಿ ದೊಡ್ಡವರೆಲ್ಲ ಯಾವತ್ತೋ ತೀರ್ಮಾನ ಮಾಡಿಯಾಗಿದೆ. ಅದು ಹೇಗೆ ಅಷ್ಟು ಒಳ್ಳೆಯದಾಯಿತು ಎಂದು ವಿಚಾರಿಸುವ ತ್ರಾಸನ್ನು ಯಾರು ತೆಗೆದುಕೊಳ್ಳುತ್ತಾರೆ?

ವಿಚಾರಿಸಿದವಳು ಸೊಸೆ ಕರುಣಾ. ಖಾಸಗಿ ಶಾಲೆಯ ಟೀಚರ್ ಕೆಲಸ ಬಿಟ್ಟು, ಅತ್ತೆಯ ಜೊತೆ ಸೇರಿ ಈ ಮಕ್ಕಳ ಮನೆಯನ್ನು ಸರಿಯಾಗಿ ನಡೆಸೋಣವೆಂದು ಅವಳು ಮನೆಯಲ್ಲಿ ಕೂತ ಮೊದಲ ವಾರವೇ ಅದು ಕಣ್ಣಿಗೆ ಬಿತ್ತು. ಊಟ ಮುಗಿದ ಮೇಲೆ ಹಾಲಿನ ಲೋಟಗಳನ್ನು ಸಾಲಾಗಿ ಇಟ್ಟು, ಅತ್ತೆ ಗೂಡಿನಿಂದ ಕೆಂಪು ಔಷಧದ ಬಾಟಲಿ ತೆಗೆದು, ಒಂದೊಂದು ಲೋಟಕ್ಕೆ ಅರ್ಧರ್ಧ ಚಮಚ ಹಾಕುತ್ತಿದ್ದಳು.

"ಇದೇನ್ರಿ ಅತ್ತಿ?"

"ನೆಗಡಿ ಔಷಧ."

"ನೆಗಡಿ ಯಾರಿಗಿ ಆಗ್ಯಾದ?"

"ಯಾರಿಗೂ ಆಗಿಲ್ಲ. ಆಗಬಾರದಂತ ಕೊಡ್ಲಾಕತ್ತೇನಿ," ಎಂದು ಕೇಶರಬಾಯಿ ನಕ್ಕಳು. ಕರುಣಾ ನಗಲಿಲ್ಲ.

"ಇದು ನಿದ್ದಿ ಬರಸೋ ಔಷಧ್ರಿ. ಸಣ್ಣ ಕೂಸಿಗಿ ದಿನಾ ಹಾಕಿದ್ರ ಏನಾಗ್ತದ ಗೊತ್ತದ ಏನ್ರಿ ನಿಮಗ? ನಾಳಿ ಒಂದರ ಉಸಿರು ನಿಂತ್ರ ಯಾರು ಹೊಣಿ?"

ಕೇಶರಬಾಯಿಯ ನಗು ಅಲ್ಲಿಗೇ ನಿಂತಿತು. "ನೀ ಹುಟ್ಟೋಕಿಂತ ಮೊದ್ಲಿಂದ ಕೂಸು ಸಾಕೇನಿ ನಾ. ನಮ್ಮ ಹಳ್ಳಿ ಬಗದಲ್‌ದಾಗ ಮಂದಿ ಹೊಲದಾಗ ಕಳೆ ತೆಗಿಲಾಕ ಹೋದ್ರ ಕೂಸಿಗಿ ಬದುವಿನ ಮ್ಯಾಲ ಮಲಗಿಸ್ಬೇಕಿತ್ತು. ಕೂಸು ಅತ್ತಿತು, ನಾವು ಎದ್ದು ಹೋದ್ವಿ ಅಂದ್ರ ಹೊಲದ ಮಾಲಕ ನಾಳಿಂದ ಬರಬ್ಯಾಡ ಅಂತಿದ್ದ. ಸಾಸಿವಿಕಾಳಿನಷ್ಟು ಅಫೀಮು ನಾಲಿಗಿಗಿ ಹಚ್ಚಿ ಮಲಗಿಸ್ತಿದ್ವಿ. ನಿನ್ನ ಗಂಡಗೂ ಹಚ್ಚೇನಿ. ಸತ್ತಾನೇನು? ಭಾಲ್ಕಿ ಬ್ಯಾಂಕಿನ್ಯಾಗ ಖುರ್ಚಿ ಮ್ಯಾಲ ಕೂತಾನ."

"ಆವಾಗ ನಿಮಗ ಬ್ಯಾರೆ ದಾರಿ ಇದ್ದಿಲ್ಲ, ಖರೇ. ಈಗ ಇಲ್ಲಿ ಯಾವ ಮಾಲಕ ಬಂದು ನಿಂತಾನ್ರಿ?"

"ಗ್ವಾಡಿ ಆಚಿ ಬಾಜು ಮನ್ಯಾಗ ನಿಂತಾನಲ್ಲ ವೈಜಿನಾಥ! ಈ ಓಣ್ಯಾಗ ನಮ್ಮ ಮಂದಿದು ಇದೊಂದೇ ಮನಿ. ಅವರ ಮನಿ ಸಪ್ಪಳ ಸಪ್ಪಳಲ್ಲ. ನಮ್ಮ ಮನಿದು ದುಪ್ಪಟ್ಟು ಕೇಳಸ್ತದ. ನಿನಗ ಇದು ತಿಳಿಯಂಗಿಲ್ಲ, ನೀ ಸಾಲಿ ಕಲತಾಕಿ. ಮತ್ತ ಆ ತಾಯಂದ್ರಿಗೂ ಎಲ್ಲ ಗೊತ್ತದ, ಹೋಗಿ ಕೇಳು."

ಕರುಣಾ ಅವತ್ತೇ ಸಂಜೆ ಖೈರುನ್ನಿಸಾಳನ್ನು ಬಾಗಿಲಲ್ಲಿ ತಡೆದು ಕೇಳಿದಳು. ಖೈರುನ್ನಿಸಾ ತಲೆ ಎತ್ತಲಿಲ್ಲ.

"ಗೊತ್ತದ ಅಕ್ಕಾ. ಮನ್ಯಾಗ ನಾನೂ ಒಮ್ಮೊಮ್ಮಿ ಕುಡಸ್ತೇನಿ. ಇಕಿ ಅತ್ಲು ಅಂದ್ರ ಮನಿ ಮಂದಿ ಎಲ್ಲಾ ನನ್ನ ಮ್ಯಾಲೇ ಬರ್ತಾರ. ನಿಮ್ಮತ್ತಿಗಿ ಬ್ಯಾಡ ಅಂದು, ಅವರು ಸಿಟ್ಟಾಗಿ, ಕೂಸಿಗಿ ಒಲ್ಲೆ ಅಂದ್ರ ನಾ ಎಲ್ಲಿಗಿ ಹೋಗ್ಲಿ?"

ಮರುದಿನ ಕರುಣಾ ಆ ಬಾಟಲಿಯನ್ನು ಅತ್ತೆಯ ಕಣ್ಣೆದುರೇ ಮೋರಿಗೆ ಸುರಿದಳು. ಅಲ್ಲಿಂದ ಕೇಶರಬಾಯಿ ಸೊಸೆಯೊಡನೆ ಮಾತು ಬಿಟ್ಟಳು. ಹೇಳುವುದಿದ್ದರೆ ಬಿಟ್ಟುಹೋದ ಮಕ್ಕಳಲ್ಲೊಬ್ಬನಾದ ಮೂರು ವರ್ಷದ ಗುಡ್ಡುವನ್ನು ಕರೆದು, "ಗುಡ್ಡು, ಟೀಚರಮ್ಮಗ ಹೇಳು, ಹಾಲು ಉಕ್ಕಿತಂತ," ಎನ್ನುವಳು. ಗುಡ್ಡು ಅದನ್ನು ತಿರುಗಿಸಿ ಹೇಳುವಷ್ಟರಲ್ಲಿ ಹಾಲು ಒಲೆಯ ಮೇಲೆಲ್ಲ ಹರಿದಿರುತ್ತಿತ್ತು.

ಮಕ್ಕಳು ಈಗ ಮಕ್ಕಳಂತೆ ಇದ್ದರು, ಎಂದರೆ ಮಧ್ಯಾಹ್ನವಿಡೀ ಗದ್ದಲ. ಹೀಗಾಗಿ ಸ್ವಲ್ಪ ದಿನಕ್ಕೇ ಯಾರೋ ದೂರು ಕೊಟ್ಟು, ಮಕ್ಕಳ ಇಲಾಖೆಯ ಕಚೇರಿಯಿಂದ ನೋಟಿಸು ಬಂತು. ಪರವಾನಗಿ ಇಲ್ಲದೆ ಮನೆಯಲ್ಲಿ ಶಿಶುಪಾಲನಾ ಕೇಂದ್ರ ನಡೆಸುವಂತಿಲ್ಲ, ತಿಂಗಳೊಳಗೆ ಲೈಸೆನ್ಸ್ ಪಡೆಯಬೇಕು, ಇಲ್ಲವೇ ಮುಚ್ಚಬೇಕು. ಕರುಣಾ ಬೇಸರಪಡಲಿಲ್ಲ. ಲೈಸೆನ್ಸ್ ಇದ್ದರೆ ಆಸ್ಪತ್ರೆಯ ನರ್ಸುಗಳ ಮಕ್ಕಳೂ ಬರುತ್ತಾರೆ, ಒಬ್ಬ ಆಯಾಳನ್ನು ಇಟ್ಟುಕೊಳ್ಳಬಹುದು, ಯಾರಿಗೂ ಹೆದರಿ ಬದುಕಬೇಕಿಲ್ಲ. ಮುಚ್ಚಿದರೆ ಖೈರುನ್ನಿಸಾಳಂಥವರು ಕೆಲಸ ಬಿಡಬೇಕು. ಅವಳು ಮಕ್ಕಳು ಬೀಳದಂತೆ ಮೆಟ್ಟಿಲಿಗೆ ಜಾಳಿಗೆ ಹಾಕಿಸಿದಳು, ಬೆಂಕಿ ಆರಿಸುವ ಸಿಲಿಂಡರ್ ತಂದಳು, ನೀರಿಗೆ ಫಿಲ್ಟರ್ ಕೂರಿಸಿದಳು. ಉಳಿದದ್ದು ನೆರೆಮನೆಯವರ ಒಪ್ಪಿಗೆ ಪತ್ರ.

ನೆರೆಯವನೆಂದರೆ ಎಣ್ಣೆ ವ್ಯಾಪಾರದ ವೈಜಿನಾಥ. ಮಧ್ಯಾಹ್ನ ಅಂಗಡಿ ಮುಚ್ಚಿ ಬಂದು ಮಲಗುವವನು. ರಾತ್ರಿ ಅವನ ಟಿವಿಯಲ್ಲಿ ಧಾರಾವಾಹಿಯ ಅತ್ತೆ ಸೊಸೆಯರು ಜಗಳಾಡುವುದು ಮುಖ್ಯ ರಸ್ತೆಯ ಪಾನ್ ಡಬ್ಬಿ ಅಂಗಡಿಯವರೆಗೂ ಕೇಳುತ್ತಿತ್ತು, ಆ ಮಾತು ಬೇರೆ. ಕರುಣಾ ಪತ್ರ ಹಿಡಿದು ಹೋದಾಗ ಅವನು ಅದನ್ನು ಮುಟ್ಟಲೂ ಇಲ್ಲ.

"ನಿಮ್ಮಂಥವರಿಗಿ ಈ ಓಣ್ಯಾಗ ಮನಿ ಸಿಕ್ಕಿದ್ದೇ ಹೆಚ್ಚಾತು. ಈಗ ಬೋರ್ಡ್ ಬ್ಯಾರೆ ಹಾಕ್ತೀರೇನು?"

"ಕಾಕಾ, ಈ ಮನಿ ನಾವು ಖರೀದಿ ಮಾಡಿದ್ದು. ಯಾರೂ ದಾನ ಕೊಟ್ಟಿಲ್ಲ."

"ಹಂಗಾದ್ರ ಕೇಳು. ಮೊದ್ಲು ನಿಮ್ಮತ್ತಿ ಹ್ಯಾಂಗ ಗಪ್ಪಾಗಿ ನಡಸ್ತಿದ್ಲೋ ಹಂಗ ನಡಸೋದಾದ್ರ ಸಹಿ ಮಾಡ್ತೇನಿ. ಸಾಹೇಬ್ರು ನೋಡ್ಲಾಕ ಬಂದ ದಿನ ನಾನೂ ಬರ್ತೇನಿ. ಒಂದು ಕೂಸಿನ ಕಿರಚಾಟ ಕೇಳಿದ್ರೂ ಅಲ್ಲೇ ತಕರಾರು ಹೇಳ್ತೇನಿ."

ಆ ಷರತ್ತಿನ ಮೇಲೆ ಸಹಿಯೇನೋ ಆಯಿತು. ಆದರೆ ಈ ಮಾತನ್ನು ತಮ್ಮ ಮನೆಯ ಬಾಗಿಲ ಮರೆಯಲ್ಲಿ ನಿಂತು ಕೇಶರಬಾಯಿ ಕೇಳಿಸಿಕೊಂಡಿದ್ದಳು.

ತಪಾಸಣೆಯ ದಿನ ಬಂತು. ಅಧಿಕಾರಿ ಬಸವೇಶ್ವರಿ ಮೇಡಂ ಅವರ ಜೀಪು ದಾರಿ ತಪ್ಪಿ ಬೇರೆ ಓಣಿಗೆ ಹೋಗಿದೆಯೆಂದು ಫೋನು ಬಂದು, ಕರುಣಾ ಅವರನ್ನು ಕರೆತರಲು ಹೋದಳು. ಹೋಗುವಾಗ ಮನೆಯಲ್ಲಿ ಗುಡ್ಡು ತಾಟು ಬಡಿಯುತ್ತಿದ್ದ, ಇಬ್ಬರು ಒಂದು ಚೆಂಡಿಗಾಗಿ ಕೂದಲು ಜಗ್ಗಾಡುತ್ತಿದ್ದರು. ದಾರಿ ಅಗೆದಿದ್ದರಿಂದ ಜೀಪು ಬರಲು ತಡವಾಯಿತು. ಮೇಡಂ ಜೊತೆ ತಿರುಗಿ ಬಂದಾಗ ಮನೆ ಸುಮ್ಮನಿತ್ತು.

ಒಳಗೆ ಹೊಸ ಚಾಪೆಯ ಮೇಲೆ ಮಕ್ಕಳೆಲ್ಲ ಸಾಲಾಗಿ ಮಲಗಿದ್ದರು. ಎಲ್ಲರ ತಲೆ ಬಾಚಿತ್ತು, ಕಣ್ಣಿಗೆ ಕಾಡಿಗೆ ಹಚ್ಚಿತ್ತು. ಕೇಶರಬಾಯಿ ಬಿಳಿ ಸೀರೆಯುಟ್ಟು ಬಾಗಿಲಲ್ಲಿ ಕೈಮುಗಿದು ನಿಂತಿದ್ದಳು. ವೈಜಿನಾಥನೂ ಬಂದು ಕುರ್ಚಿ ಎಳೆದುಕೊಂಡು ಕೂತಿದ್ದ.

"ಅಬ್ಬಾ, ಎಷ್ಟು ಶಿಸ್ತು ಅದ್ರಿ!" ಎಂದರು ಮೇಡಂ, ದನಿ ತಗ್ಗಿಸಿ. "ಔರಾದ್, ಭಾಲ್ಕಿ ಎಲ್ಲಾ ಕಡಿ ನೋಡಿ ಬಂದೇನಿ. ಒಳಗ ಕಾಲಿಟ್ರ ತಲಿ ಚಿಟ್ಟು ಹಿಡೀತದ. ಇಂಥಾ ಸೆಂಟರ್ ನಾ ನೋಡೇ ಇಲ್ಲ ನೋಡ್ರಿ."

"ನಮಗೂ ಏನೂ ತ್ರಾಸಿಲ್ಲರಿ," ಎಂದ ವೈಜಿನಾಥ, ತನ್ನದೇ ಮನೆಯೆಂಬಂತೆ.

ಮೇಡಂ ಜಾಳಿಗೆ ನೋಡಿದರು, ಫಿಲ್ಟರ್ ನೋಡಿದರು, ಬಚ್ಚಲು ನೋಡಿದರು. ಕರುಣಾ ಅವರ ಹಿಂದೆ ನಡೆದಳೇ ಹೊರತು ಅವಳ ಕಣ್ಣು ಚಾಪೆಯ ಮೇಲಿತ್ತು. ಊಟದ ಹೊತ್ತೂ ಆಗಿಲ್ಲ. ಈ ಹೊತ್ತಿಗೆ ಗುಡ್ಡು ಮಲಗಿದ್ದನ್ನು ಅವಳು ಒಂದು ದಿನವೂ ಕಂಡಿರಲಿಲ್ಲ. ಅಕ್ಸಾಳ ಬಾಯಿ ತೆರೆದಿತ್ತು, ಜೊಲ್ಲು ಕಿವಿಯವರೆಗೆ ಇಳಿದಿತ್ತು. ಅವಳು ಅತ್ತೆಯ ಕಡೆ ನೋಡಿದಳು. ಅತ್ತೆ ಎಷ್ಟೋ ದಿನಗಳ ಮೇಲೆ ಅವಳಿಗೆ ನೇರವಾಗಿ ಒಂದು ಮಾತು ಪಿಸುಗುಟ್ಟಿದಳು: "ಗಪ್ ನಿಂದ್ರು. ಕೆಲಸ ಆಗ್ಲಾಕತ್ತದ."

ಮೇಡಂ ಪೆನ್ನು ತೆಗೆದರು. "ಎಲ್ಲಾ ಚಲೋ ಅದ. ನಾನು ಶಿಫಾರಸು ಬರೀತೇನಿ. ಒಂದು ವಾರದಾಗ ಲೈಸೆನ್ಸ್ ಕೈಗಿ ಬರ್ತದ."

ಕರುಣಾ ಸುಮ್ಮನಿದ್ದರೆ ಸಾಕಿತ್ತು. ಮೇಡಂ ಹೋದ ಮೇಲೆ ಮಕ್ಕಳನ್ನು ನೋಡಿಕೊಳ್ಳಬಹುದು, ಅತ್ತೆಯನ್ನು ಬೈಯಬಹುದು, ನಾಳೆಯಿಂದ ಎಲ್ಲವನ್ನೂ ಸರಿ ಮಾಡಬಹುದು. ಒಳ್ಳೆಯವರು ತಪ್ಪು ಮಾಡುವುದು ಹೀಗೆಯೇ, ನಾಳೆಯಿಂದ ಎಂದುಕೊಂಡು. ಅವಳು ಅಡುಗೆಮನೆಗೆ ಹೋಗಿ ಹಿಟ್ಟು ನಾದುವ ದೊಡ್ಡದೊಂದು ಸ್ಟೀಲ್ ಪರಾತ ತಂದಳು. ತಂದು, ಚಾಪೆಯ ಪಕ್ಕದ ಫರಸಿ ಕಲ್ಲಿನ ನೆಲದ ಮೇಲೆ ಎತ್ತರದಿಂದ ಕೈಬಿಟ್ಟಳು.

ಮನೆಯೆಲ್ಲ ಝಣಝಣ ಎಂದಿತು. ವೈಜಿನಾಥ ಕುರ್ಚಿಯಿಂದ ಹಾರಿ ಎದ್ದ. ಮೇಡಂ ಕೈಯಿಂದ ಪೆನ್ನು ಬಿತ್ತು. ಚಾಪೆಯ ಮೇಲೆ ಒಂದು ಮಗುವೂ ರೆಪ್ಪೆ ಅಲುಗಿಸಲಿಲ್ಲ.

"ನೀವೇ ಒಂದು ಕೂಸಿಗಿ ಎಬ್ಬಿಸಿ ನೋಡ್ರಿ ಮೇಡಂ," ಎಂದಳು ಕರುಣಾ. "ಇದು ಶಿಸ್ತಲ್ಲರಿ. ನಮ್ಮ ಮನ್ಯಾಗ ಇವಕ್ಕ ನಿದ್ದಿ ಔಷಧ ಹಾಕ್ಯಾರ."

"ಮನಿ ಮಾನ ಕಳದಿ!" ಎಂದು ಕೇಶರಬಾಯಿ ಚೀರಿದಳು. ಆದರೆ ಮೇಡಂ ಅಕ್ಸಾಳನ್ನು ಎತ್ತಿಕೊಂಡಾಗ ಮಗುವಿನ ಕುತ್ತಿಗೆ ಹಿಂದಕ್ಕೆ ಜೋತುಬಿದ್ದುದನ್ನು ಕಂಡು ಓಡಿಬಂದು ಅದರ ತಲೆಗೆ ಕೈ ಆನಿಸಿದಳು.

ಮಕ್ಕಳನ್ನೆಲ್ಲ ಮೇಡಂ ಜೀಪಿನಲ್ಲೇ ಆಸ್ಪತ್ರೆಗೆ ಒಯ್ದರು. ದಾರಿಯಲ್ಲಿ ಕೇಶರಬಾಯಿ ಹೇಳಿದ್ದಿಷ್ಟು: ಅಕ್ಸಾಳ ಚೀಲದಲ್ಲಿ ನೆಗಡಿ ಔಷಧವಿತ್ತು, ನಡುವೆ ಯಾರೂ ಏಳಬಾರದೆಂದು ಅರ್ಧ ಚಮಚದ ಬದಲು ಚಮಚ ತುಂಬ ಹಾಕಿದೆ. ಆಸ್ಪತ್ರೆಯಲ್ಲಿ ಗುಡ್ಡು ಮತ್ತು ಉಳಿದವರು ಒಬ್ಬೊಬ್ಬರಾಗಿ ಕಣ್ಣುಬಿಟ್ಟರು. ಅಕ್ಸಾ ಬಿಡಲಿಲ್ಲ.

ಅಂಗಡಿಯಿಂದ ಓಡಿಬಂದ ಖೈರುನ್ನಿಸಾ ಕೇಶರಬಾಯಿಯ ಕೈ ಕೊಡವಿ ಹಾಕಿದಳು. "ಮುಟ್ಟಬ್ಯಾಡ್ರಿ ನನ್ನ ಕೂಸಿಗಿ! ನಂಬಿ ಬಿಟ್ಟಿದ್ದೆ ನಿಮ್ಮ ಹತ್ರ!"

"ಮುಂಜಾನೆ ಮನ್ಯಾಗ ಏನರೆ ಕೊಟ್ಟೀರೇನು?" ಎಂದು ಡಾಕ್ಟರ್ ಕೇಳಿದರು.

ಬೆಳಿಗ್ಗೆ ಮಗು ಕಿರಿಕಿರಿ ಮಾಡಿತೆಂದು ಖೈರುನ್ನಿಸಾಳೂ ಅದೇ ಔಷಧವನ್ನು ಕುಡಿಸಿ ಕಳಿಸಿದ್ದಳು. ಅದನ್ನು ಹೇಳುವಷ್ಟರಲ್ಲಿ ಅವಳಿಗೆ ನಿಲ್ಲಲಾಗದೆ, ಕರುಣಾ ಹಿಡಿದು ಹೊರಗಿನ ಬೆಂಚಿನ ಮೇಲೆ ಕೂರಿಸಬೇಕಾಯಿತು. ಅಲ್ಲಿಯೇ ನಿಂತಿದ್ದ ಬಸವೇಶ್ವರಿ ಮೇಡಂ ಕರುಣಾಳಿಗೆ ಹೇಳಿದರು, "ನೋಡವ್ವಾ, ನೀ ಖರೇ ಹೇಳಿದಿ. ಆದ್ರ ನಾ ಇದನ್ನ ಬರೀಲೇಬೇಕು. ನಾಳಿಂದ ಬಾಗಲಾ ಮುಚ್ಚು. ಲೈಸೆನ್ಸ್ ಈಗ ಸಿಗಂಗಿಲ್ಲ."

"ಬರೀರಿ," ಎಂದಳು ಕರುಣಾ. ಅವಳ ಕಣ್ಣಲ್ಲಿ ನೀರಿತ್ತು. ದುಃಖವೂ ಇತ್ತು, ಸಿಟ್ಟೂ ಇತ್ತು.

ಒಳಗೆ ಡಾಕ್ಟರ್ ಅಕ್ಸಾಳಿಗೆ ಸಲಾಯಿನ್ ಹಚ್ಚಿ, ಮಂಚದ ಬಳಿ ಉಳಿದಿದ್ದ ಕೇಶರಬಾಯಿಗೆ ಹೇಳಿ ಹೋಗಿದ್ದರು: "ಮಲಗಗೊಡಬ್ಯಾಡ್ರಿ. ಅಂಗಾಲು ತಿಕ್ರಿ, ಮಾತಾಡಸ್ರಿ, ಅಳಸ್ರಿ. ಅತ್ರ ಚಲೋ."

ಕೇಶರಬಾಯಿ ಅಂಗಾಲು ತಿಕ್ಕಿದಳು. ಹೆಸರು ಹಿಡಿದು ಕರೆದಳು. ಕೆನ್ನೆ ತಟ್ಟಿದಳು, ಗಲ್ಲ ಹಿಡಿದು ಅಲುಗಿಸಿದಳು. ಮಗು ಒಮ್ಮೆ ಮುಖ ಕಿವುಚಿ ಮತ್ತೆ ಜಾರಿಹೋಗುತ್ತಿತ್ತು. ಕೂಸುಗಳ ಅಳು ನಿಲ್ಲಿಸಲು ಆಕೆಗೆ ಎಷ್ಟೋ ಉಪಾಯ ಗೊತ್ತಿದ್ದವು. ಅಳಿಸುವುದು ಹೇಗೆಂದು ಜೀವಮಾನದಲ್ಲಿ ಕಲಿತಿರಲಿಲ್ಲ. "ಅಳು ನನ್ನವ್ವಾ," ಎಂದು ಆಕೆ ಬೇಡಿಕೊಳ್ಳತೊಡಗಿದಳು. "ನನಗ ಬೈಯಿ, ಒದಿ. ಒಮ್ಮಿ ಅಳು." ಬೇಡುತ್ತ ಬೇಡುತ್ತ ತಾನೇ ಅಳುತ್ತಿದ್ದಳು. ಬಾಗಿಲಲ್ಲಿ ಬಂದು ನಿಂತ ಕರುಣಾ ಒಳಗೆ ಬರಲಿಲ್ಲ. ಅವಳ ಸಿಟ್ಟು ಇನ್ನೂ ಇಳಿದಿರಲಿಲ್ಲ.

ಬಿಸಿಲು ಕಿಟಕಿ ದಾಟುವ ಹೊತ್ತಿಗೆ ಅಕ್ಸಾ ಕಾಲು ಝಾಡಿಸಿದಳು. ಕಣ್ಣು ತೆರೆದು, ತಾಯಿ ಕಾಣದೆ, ಸೂಜಿ ಚುಚ್ಚಿದ ಕೈಯನ್ನು ಕಂಡು ಬಾಯಿ ತೆರೆದಳು. ವಾರ್ಡಿನ ಆಚೆ ತುದಿಯವರೆಗೂ ಕೇಳುವಂಥ ಅಳು. ಖೈರುನ್ನಿಸಾ ಬೆಂಚಿನಿಂದ ಎದ್ದು ಓಡಿಬಂದಳು.

ಪಕ್ಕದ ಮಂಚದ ಕಡೆಯ ಗಂಡಸೊಬ್ಬ ಮುಖ ಗಂಟಿಕ್ಕಿದ. "ಏ ಅಮ್ಮಾ, ಆ ಕೂಸಿಗಿ ಜರಾ ಗಪ್ ಮಾಡಸ್ರಿ. ಇಲ್ಲಿ ಮಂದಿ ಮಲಗ್ಯಾರ."

ಇಂಥ ಮಾತಿಗೆ ಹೊಲದ ಬದುವಿನ ಮೇಲೆ, ಚಿದ್ರಿಯ ಓಣಿಯಲ್ಲಿ, ಇಷ್ಟು ವರ್ಷ ಕೇಶರಬಾಯಿ ತಲೆ ತಗ್ಗಿಸಿಯೇ ಇದ್ದಳು. ಈಗ ಅವಳು ಮಗುವನ್ನು ತಾಯಿಯ ಕೈಗೆ ಕೊಟ್ಟು, ಸೆರಗಿನಿಂದ ಮುಖ ಒರೆಸಿಕೊಂಡು, ಆ ಗಂಡಸಿನ ಎದುರಿಗೆ ನೆಟ್ಟಗೆ ನಿಂತಳು.

"ಗಪ್ ಮಾಡಸಂಗಿಲ್ಲರಿ," ಎಂದಳು. "ಅಳ್ಲಿ."