ಮಾವನ ಕಂಬಳಿ

"ಹೊಡೀತು! ಮತ್ತೆ ಹೊಡೀತು!" ರೋಜಾ ಕೈ ಕೊಡವಿಕೊಂಡು ಎರಡು ಹೆಜ್ಜೆ ಹಿಂದಕ್ಕೆ ಹಾರಿದಳು. ಗೋಡೆಯ ಗೂಡಿನಲ್ಲಿದ್ದ ಇಂಟರ್‌ನೆಟ್ ಡಬ್ಬಿ ಏನೂ ಅರಿಯದ ಹಾಗೆ ಹಸಿರು ದೀಪ ಮಿಟುಕಿಸುತ್ತಿತ್ತು.

ಗೂಡಿನ ಕೆಳಗೆ ಕಂಬಳಿಯ ಮೇಲೆ ಕೂತಿದ್ದ ಮಾವ ಮೂಡಲಗಿರಿಯಪ್ಪ ಅಲ್ಲಿಂದಲೇ ಕೈ ಎತ್ತಿ, ಕುರಿಯ ಬೆನ್ನು ಸವರುವಂತೆ ಡಬ್ಬಿಯ ತಗಡಿನ ಮೈ ಸವರಿದ.

"ಎಲ್ಲೈತಮ್ಮ ಕರೆಂಟು? ನಂಗೇನೂ ಹೊಡಿಯಲ್ಲ."

"ದೇವ್ರಾಣೆಗೂ ಮಾವ. ಮೊಣಕೈವರೆಗೂ ಜುಮ್ ಅಂತು."

"ನಿನ್ ಗಂಡ ಶಿವರಾಜ ಮುಟ್ಟಿದ, ಹೊಡಿಲಿಲ್ಲ. ಪಕ್ಕದ ಮನೆ ಜುಂಜಯ್ಯ ಮುಟ್ಟಿದ, ಹೊಡಿಲಿಲ್ಲ. ಗಂಡ ಬಿಟ್ಟು, ಮಾವ ಬಿಟ್ಟು, ನಿನ್ನೊಬ್ಬಳ್ನೇ ಹುಡಿಕ್ಕೊಂಡು ಹೊಡಿತೈತಾ?"

ಡಬ್ಬಿ ಬಂದು ಎಂಟು ದಿನವಾಗಿತ್ತು. ಜವನಗೊಂಡನಹಳ್ಳಿಯ ಆ ಕೇರಿಗೆ ಅದೇ ಮೊದಲನೆಯದು. ಗಣಿತದಲ್ಲಿ ಬಿ.ಎಸ್ಸಿ. ಮುಗಿಸಿದ್ದ ರೋಜಾಗೆ ಮನೆಯಿಂದಲೇ ಮಕ್ಕಳಿಗೆ ಪಾಠ ಹೇಳುವ ಕೆಲಸ ಸಿಗುವುದರಲ್ಲಿತ್ತು. ಇವತ್ತು ಹನ್ನೊಂದಕ್ಕೆ ಅವಳ ಪಾಠವನ್ನು ಕೆಲಸ ಕೊಡುವವರು ಅರ್ಧ ಗಂಟೆ ಕೂತು ನೋಡುವವರಿದ್ದರು. ಒಪ್ಪಿದರೆ ಕೆಲಸ. ಅವಳ ಹಳೆಯ ಲ್ಯಾಪ್‌ಟಾಪಿಗೆ ವೈಫೈ ಹಿಡಿಯದು, ವೈರೇ ಗತಿ. ಆ ವೈರಿನ ಜೊತೆಗೆ ಜುಮ್ಮೂ ಹರಿದು ಬಂದು, ಕೀ ಒತ್ತಲು ಹೋದ ಬೆರಳು ತಾನಾಗಿಯೇ ಹಿಂದೆ ಸರಿಯುತ್ತಿತ್ತು.

ಎರಡು ಸಲ ದೂರು ಕೊಟ್ಟಾಗಿತ್ತು. ಎರಡು ಸಲವೂ ಕಂಪನಿಯವರು ಬಂದು ತೊಂದರೆ ಏನಿಲ್ಲವೆಂದು ಬರೆದುಕೊಂಡು ಹೋಗಿದ್ದರು. ಬೆಳಿಗ್ಗೆಯೇ ಮೂಡಲಗಿರಿಯಪ್ಪ ತೀರ್ಮಾನ ಹೇಳಿಬಿಟ್ಟಿದ್ದ. "ಇವತ್ತು ಬಂದೋನೂ ಏನಿಲ್ಲ ಅಂದ್ರೆ ಡಬ್ಬಿ ಅವನ ಬೈಕ್ ಮೇಲೇ ವಾಪಸ್ ಹೋಗ್ಲಿ. ಸೊಸೆಗೆ ಗಾಳಿ ಸೋಕೈತೆ ಅಂತ ಆಗ್ಲೇ ಬಾವಿಕಟ್ಟೆ ತಾವ ಮಾತು ಶುರುವಾಗೈತೆ."

ಹತ್ತೂವರೆಗೆ ಹಿರಿಯೂರಿನಿಂದ ಇಂಟರ್‌ನೆಟ್ ಕಂಪನಿಯ ದುರುಗೇಶ್ ಬಂದ. ಬೂಟು, ಕಾಲುಚೀಲ ಹೊರಗೆ ಬಿಟ್ಟು ಒಳಗೆ ಕಾಲಿಡುತ್ತಲೇ ಅತ್ತೆ ತಿಪ್ಪಮ್ಮ, "ಬಾರಪ್ಪ, ಕಂಬಳಿ ಮ್ಯಾಲೆ ಕುಂತ್ಕ" ಎಂದಳು. ಮೂಡಲಗಿರಿಯಪ್ಪ ಸರಿದು ಜಾಗ ಕೊಟ್ಟ. ಮನೆಗೆ ಯಾರೇ ಬರಲಿ, ಮೊದಲು ಕಂಬಳಿ, ಆಮೇಲೆ ಮಾತು.

ದುರುಗೇಶ್ ಕಂಬಳಿಯ ಮೇಲೆ ಮಂಡಿಯೂರಿ ವೈರಿಗೆ ಮಿಷನ್ ಹಚ್ಚಿ ನೋಡಿದ. "ಸಿಗ್ನಲ್ ಭರ್ಜರಿ ಐತೆ." ಡಬ್ಬಿಯ ಮೇಲೆ ಇಡೀ ಅಂಗೈ ಇಟ್ಟ. "ಕರೆಂಟೂ ಇಲ್ಲ, ಗಿರೆಂಟೂ ಇಲ್ಲ."

"ಟೆಸ್ಟರ್ ಹಚ್ಚಿ ನೋಡ್ರಿ," ಎಂದಳು ರೋಜಾ.

"ನಮಗೆ ಇಂಟರ್‌ನೆಟ್ ವೈರೊಳಗೆ ಬರೋ ಬೆಳಕು ಅಳೆಯೋ ಮಿಷನ್ ಕೊಟ್ಟವ್ರೆ ಅಕ್ಕ. ಟೆಸ್ಟರ್ ಕೊಟ್ಟಿಲ್ಲ."

"ಆಯ್ತು ಬಿಡು. ಬಿಚ್ಕೊಂಡು ಹೋಗಪ್ಪ," ಎಂದ ಮೂಡಲಗಿರಿಯಪ್ಪ.

ದುರುಗೇಶ್ ಸ್ಕ್ರೂಡ್ರೈವರ್‌ಗೆ ಚೀಲದಲ್ಲಿ ತಡಕಾಡತೊಡಗಿದ. ರೋಜಾ ತಲೆ ತಗ್ಗಿಸಿ ನಿಂತಳು. ಆಗಷ್ಟೇ ಒರೆಸಿದ ನೆಲ. ತನ್ನ ಒದ್ದೆ ಪಾದ. ಅಲ್ಲಿಂದ ಕಣ್ಣು ದುರುಗೇಶನ ಕಾಲಿಗೆ ಹೋಯಿತು. ಕಂಬಳಿಯ ಮೇಲಿತ್ತು. ಶಿವರಾಜ ಮುಟ್ಟಿದ್ದೂ ಕಂಬಳಿಯ ಮೇಲೆ ನಿಂತೇ. ಜುಂಜಯ್ಯ ಎಲೆಯಡಿಕೆ ಹಾಕುತ್ತಾ ಮುಟ್ಟಿದ್ದೂ ಅದರ ಮೇಲೆ ಕೂತೇ. ಮಾವ ಕೂರುವ ಕಂಬಳಿಯನ್ನು ಸೊಸೆ ತುಳಿಯಬಾರದು. ಮದುವೆಯಾಗಿ ಬಂದ ವರ್ಷದಿಂದ ಅವಳು ಅದರ ಅಂಚು ಬಳಸಿಯೇ ಓಡಾಡಿದ್ದಳು. ಆ ಡಬ್ಬಿಯನ್ನು ಬರಿ ನೆಲದ ಮೇಲೆ ನಿಂತು ಮುಟ್ಟಿದವಳು ಅವಳೊಬ್ಬಳೇ!

"ಅಣ್ಣ, ಕಂಬಳಿಯಿಂದ ಇಳೀರಿ!" ಅವಳ ದನಿ ಅವಳಿಗೇ ಜೋರೆನಿಸಿತು. "ಇಲ್ಲಿ, ನೆಲದ ಮೇಲೆ ನಿಂತ್ಕಳ್ರಿ. ಈಗ ಮುಟ್ರಿ. ಒಂದೇ ಬೆರಳು."

ದುರುಗೇಶ್ ನಗುತ್ತಾ ಇಳಿದ. ನಗುತ್ತಲೇ ಬೆರಳು ಚಾಚಿದ.

"ಅಯ್ಯಪ್ಪೋ!"

ಮಿಷನ್ ಕೈಜಾರಿ ಕಂಬಳಿಯ ಮೇಲೆ ಬಿತ್ತು. ತಿಪ್ಪಮ್ಮ ಸೆರಗು ಬಾಯಿಗೆ ಒತ್ತಿ ನಕ್ಕಳು. ರೋಜಾ ನಿಂತಲ್ಲೇ ಕುಣಿದಳು. "ಹೊಡೀತಾ, ಇಲ್ವಾ? ಬಾಯ್ಬಿಟ್ಟು ಹೇಳ್ರಿ!"

"ಹೊಡೀತಕ್ಕ! ಕಚ್ಚೇಬಿಡ್ತು!"

ಮೂಡಲಗಿರಿಯಪ್ಪ ಎದ್ದ. ಕಂಬಳಿಯಿಂದ ಒಂದು ಕಾಲು ಇಳಿಸಿದ, ಇನ್ನೊಂದು ಕಾಲೂ ಇಳಿಸಿದ.

"ಬ್ಯಾಡ ಯಜಮಾನ್ರೆ, ಕರೆಂಟ್ ಜೊತೆ ಆಟ..."

"ಸುಮ್ನಿರಲೇ."

ಬೆರಳು ತಾಗಿದ್ದೇ ತಡ, ಹೆಗಲು ಜಗ್ಗಿ ಟವೆಲ್ಲು ಕೆಳಗೆ ಜಾರಿತು. ಆ ಬೆರಳನ್ನೇ ಅವನು ತುಂಬ ಹೊತ್ತು ನೋಡಿದ.

"ಎಂಟು ದಿನದಿಂದ ಇದನ್ನ ತಿಂತಿದ್ದೇನವ್ವಾ?"

ರೋಜಾ ಕೆಳಗೆ ಬಿದ್ದ ಟವೆಲ್ಲು ಎತ್ತಿಕೊಟ್ಟಳು.

ದುರುಗೇಶ್ ಸ್ವಿಚ್ ಆರಿಸಿ ಅಡಾಪ್ಟರ್ ಕಿತ್ತು ಮೂಸಿದ. "ಇದರದ್ದೇ ಕಿತಾಪತಿ." ಬೈಕಿನ ಡಿಕ್ಕಿಯಿಂದ ಹೊಸದು ತಂದು ಚುಚ್ಚಿ, ತಾನೇ ಬರಿಗಾಲಲ್ಲಿ ನಿಂತು, ಕಣ್ಣು ಮುಚ್ಚಿಕೊಂಡು ಮುಟ್ಟಿದ. ಏನಿಲ್ಲ. ರೋಜಾ ಬೆರಳಿಟ್ಟಳು, ಅಂಗೈ ಇಟ್ಟಳು. ಏನೂ ಇಲ್ಲ!

ಹತ್ತು ಐವತ್ತೆರಡು. ತಿಪ್ಪಮ್ಮ ಕೋಳಿಗಳನ್ನು ಹೊರಗಟ್ಟಿದಳು. ದುರುಗೇಶ್ ಮೇಜು ಎಳೆದುಕೊಟ್ಟ. ರೋಜಾ ಕುರ್ಚಿಯಲ್ಲಿ ಕೂತು ಕೂದಲು ಸರಿಮಾಡಿಕೊಳ್ಳುವಾಗ ಮೂಡಲಗಿರಿಯಪ್ಪ ಕಂಬಳಿಯನ್ನು ಎತ್ತಿ ಎರಡು ಮಡಿಕೆ ಮಾಡಿ, ಬಗ್ಗಿ, ಮೇಜಿನ ಕೆಳಗೆ ಹಾಸಿದ.

ಅವಳು ಗಾಬರಿಯಾಗಿ ಕಾಲು ಎತ್ತಿದಳು. "ಮಾವ, ಹೊಸದು ಹಾಕವ್ರಲ್ಲ. ಇನ್ನೇನೂ ಹೊಡಿಯಲ್ಲ."

"ಗೊತ್ತೈತೆ," ಎಂದು ಅವನು ಹೊಸಿಲ ಹತ್ತಿರ ಬರಿ ನೆಲದ ಮೇಲೆ ಕೂತ. "ಶುರು ಮಾಡು."

ತೆರೆಯ ಮೇಲೆ ಮಕ್ಕಳ ಮುಖಗಳು ಒಂದೊಂದಾಗಿ ಮೂಡಿದವು. "ನಮಸ್ಕಾರ ಮಕ್ಕಳೇ," ಎಂದಳು ರೋಜಾ. ಮೇಜಿನ ಕೆಳಗೆ ಅವಳ ಪಾದಗಳು ಗಾಳಿಯಲ್ಲೇ ತುಸು ಹೊತ್ತು ನಿಂತವು. ಆಮೇಲೆ ಮೆಲ್ಲಗೆ ಇಳಿದವು. ಕಂಬಳಿ ಇನ್ನೂ ಬೆಚ್ಚಗಿತ್ತು.