ಅಂಗಾಲಿನ ಸುಣ್ಣ

ಜನವರಿ ಹದಿನೇಳು, ಶುಕ್ರವಾರ. ಬೆಳಗಿನ ಒಂಬತ್ತರವರೆಗೆ ತೊಗರಿ ಹೊಲಗಳ ಮೇಲೆ ಮಂಜು ಕದಲದೆ ನಿಂತಿತ್ತು. ಹತ್ತಕ್ಕೆ ಬಿಸಿಲು ಚುರುಕಾಯಿತು. ಸಂಜೆ ಮೂಡಣದ ಒಣಗಾಳಿ ಬೀಸಿತು.

ಅಂಬರಾಯರ ವಿಷಯ ಬಂದಾಗ ಜನ ಮೊದಲು ನೆನೆಯುವುದು ಅವರ ಅಂಗಾಲನ್ನು. ಯಾವ ಶಾಲೆಗೇ ಹೋಗಲಿ, ಹೊಸ್ತಿಲ ಹೊರಗೆ ಚಪ್ಪಲಿ ಕಳಚಿ, ಬರಿಗಾಲಿನಲ್ಲಿ ತರಗತಿಯ ಈ ಗೋಡೆಯಿಂದ ಆ ಗೋಡೆಯವರೆಗೆ ಒಮ್ಮೆ ನಡೆದು, ಹೊರಗೆ ಬಂದು ಕಟ್ಟೆಯ ಮೇಲೆ ಕುಳಿತು, ಬಲಗಾಲನ್ನು ಎಡ ಮೊಣಕಾಲಿನ ಮೇಲೇರಿಸಿ, ಮುಳ್ಳು ಚುಚ್ಚಿಸಿಕೊಂಡವರಂತೆ ಪಾದವನ್ನು ತಿರುವಿ ತಿರುವಿ ನೋಡುತ್ತಾರೆ. ಅಲ್ಲಿ ಸುಣ್ಣದ ಬಿಳುಪು ಹತ್ತಿದ್ದರೆ ವಿಭೂತಿ ಧರಿಸಿದ ಹಣೆಯ ಗೆರೆಗಳು ಸಡಿಲಗೊಳ್ಳುತ್ತವೆ. ಇಲ್ಲದಿದ್ದರೆ ಕೋಟಿನ ಜೇಬಿನಿಂದ ಕರವಸ್ತ್ರ ತೆಗೆದು, ಒರೆಸಲು ಏನೂ ಇಲ್ಲದ ಕಾಲನ್ನು ಒರೆಸಿಕೊಂಡು, “ಆಯ್ತಲ್ಲ, ನೋಡಮು” ಎನ್ನುತ್ತಾರೆ. ಅವರ ಬಾಯಿಂದ ‘ನೋಡಮು’ ಬಂತೆಂದರೆ ನೋಡುವುದು ಮುಗಿದಿದೆ ಎಂದೇ ತಿಳಿಯಬೇಕು.

ನಮ್ಮ ಕಡೆಯ ಸರ್ಕಾರಿ ಶಾಲೆಗಳ ನೆಲವೆಲ್ಲ ಶಹಾಬಾದದ ಫರಸಿ ಕಲ್ಲಿನದು. ಹೊಗೆಬಣ್ಣದ, ನುಣುಪಾದ, ಎರಡಡಿ ಚೌಕದ ಆ ಕಲ್ಲುಗಳ ಮೇಲೆ ಸೀಮೆಸುಣ್ಣದಿಂದ ಬರೆದರೆ ಕರಿಹಲಗೆಯ ಮೇಲೆ ಬರೆದಷ್ಟೇ ಸ್ಪಷ್ಟವಾಗಿ ಮೂಡುತ್ತದೆ. ಅಂಬರಾಯರು ಓದಿದ್ದು ಸುಲೇಪೇಟದ ಹತ್ತಿರದ ಒಂದು ಏಕೋಪಾಧ್ಯಾಯ ಶಾಲೆಯಲ್ಲಿ. ಪಾಟಿ ಕೊಳ್ಳಲಾಗದ ಮಕ್ಕಳಿಗೆ ಅಲ್ಲಿಯ ಮಾಸ್ತರರು ತಲೆಗೊಂದರಂತೆ ಫರಸಿ ಹಂಚಿಕೊಟ್ಟಿದ್ದರು: ಇದು ನಿನ್ನದು, ಇದರ ಮೇಲೆ ಇನ್ನೊಬ್ಬ ಬರೆಯುವ ಹಾಗಿಲ್ಲ. ಬಾಗಿಲಿನಿಂದ ಮೂರನೆಯದು ಅಂಬರಾಯರದು. ಮನೆಯಲ್ಲಿ ತಮ್ಮದೆಂದು ಹೇಳಿಕೊಳ್ಳಲು ಒಂದು ಚಾಪೆಯೂ ಇಲ್ಲದ ಕಾಲದಲ್ಲಿ ಆ ನಾಲ್ಕು ಚದರಡಿ ಭೂಮಿಯನ್ನು ತಾವು ಆಳಿದ್ದನ್ನು ಅವರು ಅರವತ್ತೊಂಬತ್ತರ ವಯಸ್ಸಿನಲ್ಲೂ ಒಬ್ಬ ಸಣ್ಣ ಜಹಗೀರುದಾರನ ಗತ್ತಿನಲ್ಲಿ ವರ್ಣಿಸುತ್ತಾರೆ. ಮಕ್ಕಳು ಬರೆಯುವ ಶಾಲೆಯ ನೆಲ ಬಿಳಿಯಾಗಿರುತ್ತದೆ, ಬರೆಯದ ಶಾಲೆಯ ನೆಲ ಹೊಳೆಯುತ್ತದೆ ಎಂಬ ಸಿದ್ಧಾಂತ ಅವರಲ್ಲಿ ಬೇರೂರಿದ್ದು ಅಲ್ಲಿಂದ.

ಸಿದ್ಧಾಂತ ಸುಳ್ಳಾಗಿರಲಿಲ್ಲ. ಸಣ್ಣ ಶಾಲೆಗಳಲ್ಲಿ ಯಾವುದನ್ನು ಉಳಿಸುವುದು, ಯಾವುದನ್ನು ದೊಡ್ಡ ಶಾಲೆಯಲ್ಲಿ ವಿಲೀನಗೊಳಿಸುವುದು ಎಂದು ವರದಿ ಕೊಡಲು ಜಿಲ್ಲೆಯವರು ಇಬ್ಬಿಬ್ಬರ ತಂಡಗಳನ್ನು ಮಾಡಿದಾಗ, ನಿವೃತ್ತ ಶಾಲಾ ತನಿಖಾಧಿಕಾರಿಗಳಾದ ಅಂಬರಾಯರ ಜೊತೆಗೆ ಕಾಲೇಜಿನ ಉಪನ್ಯಾಸಕನಾದ ನನ್ನನ್ನು ಹಾಕಿದ್ದರು. ನವೆಂಬರಿನಿಂದ ಈಚೆಗೆ ಅರವತ್ತೊಂದು ಶಾಲೆಗಳ ಹೊಸ್ತಿಲಲ್ಲಿ ಅವರ ಚಪ್ಪಲಿಯ ಪಕ್ಕ ನನ್ನವನ್ನೂ ಬಿಟ್ಟಿದ್ದೇನೆ. ಒಂದೇ ಸರ್ಕಾರ, ಒಂದೇ ಪಠ್ಯಪುಸ್ತಕ, ಒಂದೇ ಅಳತೆಯ ಅಕ್ಕಿ. ಶಾಲೆಗಳು ಮಾತ್ರ ಒಂದೇ ಅಲ್ಲ. ಸೇಡಂ ಕಡೆಯ ಒಂದರಲ್ಲಿ ಗೋಡೆಯಗಲದ ಟಿವಿಗೆ ಧೂಳು ಹತ್ತದಂತೆ ಕುಲಾವಿ ಹೊಲಿಸಿ ತೊಡಿಸಿದ್ದರು. ಐದನೆಯ ತರಗತಿಯವರಿಗೆ ತಮ್ಮ ಊರಿನ ಹೆಸರು ಬರೆಯಲು ಬರುತ್ತಿರಲಿಲ್ಲ. ಚಿಂಚೋಳಿಯ ಗಡಿಯಲ್ಲಿ ಮಾಡು ಸೋರುವ ಇನ್ನೊಂದರಲ್ಲಿ, ತೆಲುಗು ಬಿಟ್ಟರೆ ಬೇರೆ ಅರಿಯದ ಮಕ್ಕಳಿಗಾಗಿ ದೇವಾನಂದ ಎಂಬ ಶಿಕ್ಷಕರು ತೆಲುಗು ಕಲಿತು, ಅದರ ಮೂಲಕ ಕನ್ನಡ ಕಲಿಸಿ, ಎರಡರಲ್ಲೂ ಜಗಳವಾಡಬಲ್ಲ ಮಕ್ಕಳನ್ನು ತಯಾರು ಮಾಡಿದ್ದರು. ಅವೆರಡರ ನಡುವಿನ ಅಂತರವನ್ನು ಇಲಾಖೆಯ ಹದಿನಾಲ್ಕು ಪುಟದ ನಮೂನೆ ಹಿಡಿಯಲಿಲ್ಲ. ಅಂಬರಾಯರ ಅಂಗಾಲು ಹಿಡಿಯಿತು.

ಅವರ ನಡಿಗೆಯೇ ನೆಲವನ್ನು ನಂಬದವರ ನಡಿಗೆ: ಹಸಿ ಹೊಲದಲ್ಲಿ ಬದುವಿನ ಮೇಲೆ ಹೋಗುವವರಂತೆ ಪಾದವನ್ನು ಪೂರ್ತಿ ಊರಿ, ಭಾರ ಬಿಟ್ಟು ನೋಡಿ, ಆಮೇಲೆ ಇನ್ನೊಂದನ್ನು ಎತ್ತುತ್ತಾರೆ. ಬೂದುಬಣ್ಣದ ಮುಚ್ಚುಗೊರಳಿನ ಕೋಟನ್ನು ಏಪ್ರಿಲ್‌ನ ಬಿಸಿಲಿನಲ್ಲೂ ತೆಗೆಯುವುದಿಲ್ಲ. ಎಡ ಮೊಣಕೈಯ ತೇಪೆ ಅವರ ಹೆಂಡತಿ ಶಿವಕಾಂತಮ್ಮನವರ ಕೈಕೆಲಸ, ಮೂಲ ಬಟ್ಟೆಗಿಂತ ಗಟ್ಟಿ. ಜೇಬಿನಲ್ಲಿ ಒಂದೇ ಪೆನ್ನು, ಅದರ ಮುಚ್ಚಳಕ್ಕೆ ದಾರ. ಬರೆದ ಸಾಲಿನ ಮೇಲೆ ಗೀಟು ಹೊಡೆಯುವುದು ಅವರ ಸೇವೆಯಲ್ಲಿಯೇ ಇರಲಿಲ್ಲ. ಬರೆಯುವ ಮುನ್ನ ಎಷ್ಟು ಹೊತ್ತು ಸುಮ್ಮನೆ ಕೂರುತ್ತಿದ್ದರೆಂದರೆ, ಹಲವು ಮುಖ್ಯಗುರುಗಳು ಅವರು ನಿದ್ದೆಹೋದರೆಂದು ತಿಳಿದು ಚಹಾ ವಾಪಸು ಒಯ್ದದ್ದುಂಟು.

ಡಿಸೆಂಬರ್ ಹನ್ನೆರಡರಂದು ನಾವು ಹೋದದ್ದು ಹಳೇಖಣಿಗೆ. ಶಹಾಬಾದದಿಂದ ವಾಡಿಗೆ ಹೋಗುವ ರಸ್ತೆಯಿಂದ ಒಳಗೆ, ಕಲ್ಲು ತೆಗೆದು ಬಿಟ್ಟ ಗುಂಡಿಗಳ ನಡುವೆ ಇರುವ ನಲವತ್ತು ಮನೆಗಳ ವಸತಿ ಅದು. ಒಂದು ಕೋಣೆ, ಇಪ್ಪತ್ತೆರಡು ಮಕ್ಕಳು, ಸಂಘಮಿತ್ರಾ ಎಂಬ ಒಬ್ಬರೇ ಶಿಕ್ಷಕಿ. ನಾವು ಮುಟ್ಟಿದ್ದು ಊಟದ ಹೊತ್ತಿಗೆ. ಮಕ್ಕಳು ಜಗುಲಿಯಲ್ಲಿ ಸಾಲಾಗಿ ಕುಳಿತಿದ್ದರು. ಅಂಬರಾಯರು ಚಪ್ಪಲಿ ಕಳಚಿ ಒಳಗೆ ನಡೆದರು, ಹೊರಗೆ ಬಂದರು, ಕಾಲು ತಿರುವಿದರು. ಅಂಗಾಲು ಸ್ನಾನ ಮಾಡಿ ಬಂದಷ್ಟು ಶುಭ್ರವಾಗಿತ್ತು.

“ಈಗೇ ಒರಸ್ಯಾರ್ರಿ ಸರ್,” ಎಂದರು ಸಂಘಮಿತ್ರಾ.

“ಎಲ್ಲಾ ಸಾಲ್ಯಾಗೂ ಈಗೇ ಒರಸಿರ್ತಾರ ನೋಡ್ರಿ ಟೀಚರ್. ನಾ ಬರೋ ಸುದ್ದಿ ನನಕಿಂತ ಮೊದಲ ಬಂದಿರ್ತದ.”

ಅದು ನಿಜವೂ ಆಗಿತ್ತು. ತನಿಖೆಯ ಸುದ್ದಿ ಕೇಳಿ ನೆಲ ತೊಳೆಸಿದ ಮುಖ್ಯಗುರುಗಳನ್ನು ಅವರು ನೂರಾರು ಕಂಡಿದ್ದರು. ಮೂವರು ಮಕ್ಕಳನ್ನು ನಿಲ್ಲಿಸಿ ಓದಿರೆಂದರು. ಮೂವರೂ ಕೋಟು ನೋಡಿ ಬಾಯಿ ಬಿಡಲಿಲ್ಲ. ಶಿಕ್ಷಕಿ ಮತ್ತೊಮ್ಮೆ ಸಮಜಾಯಿಷಿ ಹೇಳುವ ಸ್ವಭಾವದವರಲ್ಲ. ಬಹಳ ಹೊತ್ತು ಸುಮ್ಮನೆ ಕುಳಿತ ಮೇಲೆ ಅಂಬರಾಯರು ಬರೆದರು: ‘ನೆಲ ಸ್ವಚ್ಛ. ಬರವಣಿಗೆಯ ಅಭ್ಯಾಸ ಕಾಣಲಿಲ್ಲ. ವಿಲೀನಕ್ಕೆ ಅಡ್ಡಿಯಿಲ್ಲ.’ ನಾನು ಕೆಳಗೆ ರುಜು ಹಾಕಿದೆ.

ವರದಿ ಕಲಬುರಗಿಗೆ ಹೋಯಿತು. ನಮ್ಮಲ್ಲಿ ಉಳಿದ ಪ್ರತಿಯ ಮೇಲೆ ಶಾಲೆಯ ಮೊಹರು ಬಿದ್ದಿಲ್ಲವೆಂದು ತಿಳಿದದ್ದು ಮೊನ್ನೆ. ಆ ಮೊಹರಿಗಾಗಿ ನಿನ್ನೆ ಹನ್ನೊಂದು ಗಂಟೆಗೆ, ಯಾರಿಗೂ ಹೇಳದೆ, ಮತ್ತೆ ಹಳೇಖಣಿಗೆ ಹೋದೆವು. ಪಾಠ ನಡೆದಿತ್ತು. ಅಂಬರಾಯರು ರೂಢಿಯಂತೆ ಚಪ್ಪಲಿ ಕಳಚಿ ಬಲಗಾಲನ್ನು ಹೊಸ್ತಿಲ ಒಳಗೆ ಎತ್ತಿದ್ದರು, ಇನ್ನೂ ಊರಿರಲಿಲ್ಲ.

“ಅಜ್ಜಾ, ಕಾಲ ಇಡಬ್ಯಾಡ. ಇನ್ನಾ ಒರಸಿಲ್ಲ.”

ಹೇಳಿದವಳು ಬಾಗಿಲಿನಿಂದ ಮೂರನೆಯ ಫರಸಿಯ ಮೇಲಿದ್ದ ಎಂಟು ವರ್ಷದ ಹುಡುಗಿ. ಕೋಣೆಯ ಗೋಡೆಯಿಂದ ಗೋಡೆಗೆ ನೆಲ ಬಿಳಿಯಾಗಿತ್ತು. ಒಂದೊಂದು ಕಲ್ಲಿನ ಪಕ್ಕ ಒಂದೊಂದು ಮಗು ಬಾಗಿತ್ತು. ಅಷ್ಟರಲ್ಲಿ ಹೊರಗೆ ತೂಗುಹಾಕಿದ್ದ ರೈಲು ಕಂಬಿಯ ತುಂಡನ್ನು ಯಾರೋ ಬಿಡುವಿಗೆಂದು ಬಾರಿಸಿದರು. ಮಕ್ಕಳು ಎದ್ದು ಓಡಲಿಲ್ಲ. ಪ್ರತಿಯೊಬ್ಬರೂ ಒದ್ದೆ ಅರಿವೆಯಿಂದ ತಮ್ಮ ತಮ್ಮ ಕಲ್ಲನ್ನು ಮೂಲೆಯವರೆಗೂ ಒರೆಸಿ, ಅಕ್ಷರವೊಂದೂ ಉಳಿದಿಲ್ಲವೆಂದು ಖಾತ್ರಿಯಾದ ಮೇಲೆ ಎದ್ದರು. ಎರಡು ನಿಮಿಷದಲ್ಲಿ ನೆಲ ಡಿಸೆಂಬರಿನಲ್ಲಿ ಕಂಡಂತೆಯೇ ಹೊಳೆಯಿತು. ಅಂಬರಾಯರು ಅಷ್ಟು ಹೊತ್ತೂ ಬಾಗಿಲ ಚೌಕಟ್ಟು ಹಿಡಿದು ಒಂಟಿ ಕಾಲಿನಲ್ಲಿ ನಿಂತಿದ್ದರು.

ಅಡುಗೆಯ ಅನಸುಬಾಯಿ ಕೈ ಒರೆಸಿಕೊಳ್ಳುತ್ತ ಬಂದಳು. ಮೂರನೆಯ ಫರಸಿಯವಳು ಅವಳ ಮೊಮ್ಮಗಳು.

“ಇದು ಯಾರ್ ಕಲಿಸಿದ್ದು?” ಎಂದು ಅಂಬರಾಯರು ಕೇಳಿದರು.

“ನಾನೇ ಹೇಳೀನ್ರಿ, ಒರಸೇ ಏಳ್ರಿ ಅಂತ. ಟೀಚರ್‌ಗೂ ಹೇಳೀನಿ. ನಮ್ಮಪ್ಪ ಇದ ಖಣ್ಯಾಗ ಫರಸಿ ಹೊತ್ತು ಸತ್ತ. ಅದರ ಮ್ಯಾಲ ಏನರ ಬರೀಬಹುದು ಅಂತ ಅವನಿಗಿ ಗೊತ್ತೇ ಆಗ್ಲಿಲ್ಲ, ನನಗೂ ಇಲ್ಲ. ಅಕ್ಷರ ನಮ್ಮನಿಗಿ ಭಾಳ ತಡಾ ಮಾಡಿ ಬಂದಾವ್ರೀ ಸಾಹೇಬ್ರ. ಬಂದ ಮ್ಯಾಲ ಕಾಲಾಗ ಹಾಕಿ ತುಳೀಲಿಕ್ಕ ಬರ್ತದೇನ್ರಿ?” ಆಮೇಲೆ, ನಿಜವಾಗಿಯೂ ತಿಳಿಯಬೇಕೆಂಬ ಕುತೂಹಲದಿಂದಲೇ ಕೇಳಿದಳು: “ನೀವು ತುಳದು ನೋಡ್ತೀರಂತಲ್ರಿ? ತುಳದ್ರ ಏನ್ ತಿಳೀತದರಿ?”

ಅಂಬರಾಯರು ಎತ್ತಿದ ಕಾಲನ್ನು ಹಿಂದಕ್ಕೆ ತೆಗೆದುಕೊಂಡು, ಆ ಹುಡುಗಿಯನ್ನು ಕೇಳಿದರು, “ನಾ ಎಲ್ಲಿ ಕುಂದ್ರಲಿ ತಾಯಿ?”

“ಅಲ್ಲಿ ಕುಂದರು. ಪೀರಪ್ಪ ಇವತ್ತ ಬಂದಿಲ್ಲ. ಖಡು ಬೇಕಾ?”

ಕೋಟು ಮಡಚಿಕೊಂಡು ಪೀರಪ್ಪನ ಫರಸಿಯ ಮುಂದೆ ಕುಳಿತ ಅವರು, ಸೀಮೆಸುಣ್ಣ ಕೈಯಲ್ಲಿ ಹಿಡಿದು, ಏನನ್ನೂ ಬರೆಯದೆ, ಮಕ್ಕಳಿಗೆ ಬೇಕಾದ್ದನ್ನು ಬರೆಯಲು ಹೇಳಿದರು. ಡಿಸೆಂಬರಿನಲ್ಲಿ ತುಟಿ ಬಿಚ್ಚದಿದ್ದ ಮೂವರೂ ಅವರಲ್ಲಿದ್ದರು. ಆ ತಿಂಗಳು ನಾವು ನೋಡಿದ ದೊಡ್ಡ ಶಾಲೆಗಳ ಚಿತ್ತಿಲ್ಲದ ನೋಟುಬುಕ್ಕುಗಳಲ್ಲಿ ಹಲಗೆಯಿಂದ ಇಳಿಸಿಕೊಂಡ ಮಾತುಗಳಿದ್ದವು. ಇಲ್ಲಿ ಮಕ್ಕಳು ತಮ್ಮವೇ ಮಾತುಗಳನ್ನು ಬರೆಯುತ್ತಿದ್ದರು. ಕಳೆದುಹೋದ ಮೇಕೆ, ಗುಂಡಿಯ ನೀರಿನಲ್ಲಿ ಕಂಡ ಹಾವು, ಕುಡಿದು ಬಂದ ಚಿಕ್ಕಪ್ಪ. ಅನಸುಬಾಯಿಯ ಮೊಮ್ಮಗಳು ಬರೆದದ್ದು ಇಷ್ಟು: ‘ನಮ್ಮ ಸಾಲಿ ಮುಚ್ಚುತ್ತಾರಂತೆ. ಹಳಿ ದಾಟಿ ದೊಡ್ಡ ಸಾಲಿಗೆ ಹೋಗಬೇಕು. ದಾರಿಯಲ್ಲಿ ನೀರಿನ ಗುಂಡಿ ಇದೆ. ಅಜ್ಜಿ ನನ್ನನ್ನು ಕಳಿಸುವುದಿಲ್ಲ.’ ನಮಗೆ ಓದಲು ಸಾಕಾಗುವಷ್ಟು ಹೊತ್ತು ಬಿಟ್ಟು, ಅದನ್ನೂ ಒರೆಸಿದಳು.

ಸಂಘಮಿತ್ರಾ ಮೊಹರನ್ನು ತಂದು ಮೇಜಿನ ಮೇಲಿಟ್ಟರು. “ಎಲ್ಲಿ ಒತ್ತಲಿ ಸರ್?”

“ಇವತ್ತ ಬ್ಯಾಡ್ರಿ ಟೀಚರ್,” ಎಂದರು ಅಂಬರಾಯರು. ನೋಡಮು ಎನ್ನಲಿಲ್ಲ.

ಈ ದಿನ ಕಲಬುರಗಿಯ ಕಚೇರಿಯಲ್ಲಿ ನಾವು ಹತ್ತೂವರೆಗೇ ಇದ್ದೆವು. ವಿಲೀನದ ಪಟ್ಟಿ ಸಂಜೆ ಐದಕ್ಕೆ ಮೇಲಿನ ಕಚೇರಿಗೆ ಹೋಗಬೇಕಾಗಿತ್ತು. ಕಡತ ನೋಡಿಕೊಳ್ಳುವ ಭೀಮಾಶಂಕರ ಅಂಬರಾಯರ ಹಳೆಯ ಶಿಷ್ಯ. ಕುರ್ಚಿ ಕೊಟ್ಟ, ಚಹಾ ತರಿಸಿದ, ಕಡತ ಮಾತ್ರ ಕೊಡಲು ಹಿಂದೆಮುಂದೆ ನೋಡಿದ.

“ಬರದದ್ದರ ಮ್ಯಾಲ ನೀವು ಒಂದ ಗೀಟು ಹೊಡದಿಲ್ಲ ಅಂತ ನಾವು ಹೊಸಬರಿಗಿ ಕತಿ ಮಾಡಿ ಹೇಳ್ತೀವ್ರಿ ಸರ್. ಇವತ್ತ ನನ್ನ ಮುಂದ ಹೊಡದ್ರ ಆ ಕತಿ ಏನ್ ಮಾಡಲಿ?”

“ಅದಕ್ಕೂ ಒಂದ್ ಗೀಟು ಹೊಡಿ.”

ಭೀಮಾಶಂಕರ ನಕ್ಕ, ಆಮೇಲೆ ದನಿ ತಗ್ಗಿಸಿದ. “ನಗಚಾಟಿ ಅಲ್ಲರಿ. ಒಂದು ತಪ್ಪು ಅದ ಅಂತ ನೀವೇ ಬರದ್ರ, ಉಳಿದ ಅರವತ್ತನ್ನೂ ಅನುಮಾನ ಮಾಡ್ತಾರ. ನಿಮ್ಮ ಹೆಸರಿಗಿ ಕುಂದು.”

“ಮಾಡ್ಲಿ. ಮಾಡಬೇಕಾದದ್ದೇ ಅದ. ‘ನೆಲ ಸ್ವಚ್ಛ’ ಅಂತ ನಾ ಬರದವು ಇನ್ನಾ ಎಷ್ಟವ, ತಗಿ.”

ಹುಡುಕಿದಾಗ ಇನ್ನೂ ಆರು ಸಿಕ್ಕವು. ಅಂಬರಾಯರು ಏಳನ್ನೂ ಮುಂದಿಟ್ಟುಕೊಂಡು ಎಂದಿಗಿಂತ ಹೆಚ್ಚು ಹೊತ್ತು ಸುಮ್ಮನೆ ಕುಳಿತರು, ಚಹಾ ಆರಿತು. ಕೊನೆಗೆ ಪೆನ್ನಿನ ದಾರ ಬಿಚ್ಚಿ, ಹಳೇಖಣಿಯ ಮೂರು ವಾಕ್ಯಗಳ ಮೇಲೆ ಅಡಿಪಟ್ಟಿಯಿಟ್ಟು ನೇರವಾಗಿ ಗೀಟು ಎಳೆದು, ಅಂಚಿನಲ್ಲಿ ಬರೆದರು: ‘ಮೇಲಿನದು ತಪ್ಪು. ನೆಲ ನೋಡಿದೆ, ಮಕ್ಕಳನ್ನು ನೋಡಲಿಲ್ಲ. ಬರವಣಿಗೆ ನಾನು ಈ ಸಲ ಕಂಡ ಶಾಲೆಗಳಲ್ಲೆಲ್ಲ ಉತ್ತಮ. ವಿಲೀನ ಕೂಡದು.’ ನಾನು ಕೆಳಗೆ ರುಜು ಹಾಕಿದೆ. ಉಳಿದ ಆರರ ಮೇಲೆ ‘ಮರುಭೇಟಿ ಆಗುವವರೆಗೆ ತಡೆಹಿಡಿಯಿರಿ’ ಎಂದು ಬರೆದರು.

ಅಧಿಕಾರಿಗಳು ನಾಲ್ಕಕ್ಕೆ ಒಳಗೆ ಕರೆದರು, ಓದಿದರು, ಇಷ್ಟು ತಡವಾಗಿ ಏಕೆಂದು ಕೇಳಿದರು. “ತಡಾ ಆಗ್ಯದ್ರಿ,” ಎಂದಷ್ಟೇ ಅಂಬರಾಯರು ಹೇಳಿದರು. ಹಳೇಖಣಿಯ ಹೆಸರು ಪಟ್ಟಿಯಿಂದ ಹೋಯಿತು. ಉಳಿದ ಆರಕ್ಕೆ ಎಂಟು ದಿನ ಸಿಕ್ಕಿದೆ. ಹಾಗೆಯೇ, ಈ ತಂಡದ ಎಲ್ಲ ವರದಿಗಳನ್ನೂ ಇನ್ನೊಂದು ತಂಡ ಪರಿಶೀಲಿಸತಕ್ಕದ್ದೆಂಬ ಆದೇಶವೂ ನಮ್ಮೆದುರಿಗೇ ಟೈಪಾಯಿತು. ಅಂಬರಾಯರು ಅದರ ಒಂದು ಪ್ರತಿ ಕೇಳಿ ಪಡೆದು, ಮಡಚಿ, ಕೋಟಿನ ಒಳಜೇಬಿನಲ್ಲಿಟ್ಟುಕೊಂಡರು.

ಬಸ್ಸಿನಲ್ಲಿ ಅವರು ಒಂದೇ ಮಾತಾಡಿದರು: “ನಮ್ಮ ಮಾಸ್ತರು ಸಂಜಿಮುಂದ ನೆಲ ಒರಸಸ್ತಿದ್ದರೇನು, ನೆನಪಾಗವಲ್ದು.”

ಇಂಥವರು ಪ್ರತಿಯೊಂದು ಇಲಾಖೆಯಲ್ಲೂ ಒಬ್ಬಿಬ್ಬರು ಇರುತ್ತಾರೆ. ಬಾಲ್ಯದಲ್ಲಿ ತಮಗೆ ದಕ್ಕಿದ ಒಂದು ಸುಖವನ್ನೇ ಅಳತೆಗೋಲು ಮಾಡಿಕೊಂಡು ಲೋಕವನ್ನು ಅಳೆಯುತ್ತ ಹೋಗುತ್ತಾರೆ. ಬಹುಪಾಲು ಸರಿಯಾಗಿಯೇ ಅಳೆಯುವುದರಿಂದ, ಕೋಲನ್ನು ಅಳೆದು ನೋಡುವ ಪ್ರಸಂಗ ಅವರಿಗೆ ಬರುವುದಿಲ್ಲ. ಬಂದ ದಿನ ಹೆಚ್ಚಿನವರು ಲೋಕವೇ ಡೊಂಕಾಗಿದೆಯೆಂದು ವಾದಿಸುತ್ತಾರೆ. ಕೆಲವೇ ಕೆಲವರು, ಅರವತ್ತೊಂಬತ್ತರ ಮಂಡಿನೋವಿನೊಡನೆ, ಅಳೆದ ದಾರಿಯನ್ನೆಲ್ಲ ಹಿಂದಕ್ಕೆ ನಡೆಯುತ್ತಾರೆ. ಅದರಿಂದ ಅವರ ಕೀರ್ತಿ ಬೆಳೆಯುವುದಿಲ್ಲ. ಎಲ್ಲೋ ಒಂದು ಕೋಣೆಯಲ್ಲಿ, ಬಾಗಿಲಿನಿಂದ ಮೂರನೆಯ ಕಲ್ಲು ಮಾತ್ರ ಅದರ ಒಡತಿಗೆ ಉಳಿಯುತ್ತದೆ.

ಖರ್ಚು: ಬಸ್ಸು, ಇಬ್ಬರಿಗೆ ಹೋಗಿಬರಲು, ನೂರ ಐವತ್ತೆರಡು. ಊಟ ನೂರ ನಲವತ್ತು. ಬರುವಾಗ ಸೀಮೆಸುಣ್ಣದ ಪೆಟ್ಟಿಗೆ ಎರಡು, ತೊಂಬತ್ತು. ಈ ತೊಂಬತ್ತನ್ನು ಕೊಡಲು ಅಂಬರಾಯರು ನನ್ನನ್ನು ಬಿಡಲಿಲ್ಲ.